ಏಳು ನಲವತ್ತೆರಡರ ಹಾಜರಿ

ನನ್ನ ಬೋರೆಕ್ ಅಂಗಡಿಗೆ ಒಬ್ಬ ಮೇಯರ್ ಇದ್ದಾನೆ.
ಓಟು ಹಾಕಿದವರಿಲ್ಲ, ಮುಖ ಕಂಡವರಿಲ್ಲ.
ಫೋನಿನೊಳಗೆ ಮಾತ್ರ
ಬೆರಳುಗುರಿನಷ್ಟು ಕಿರೀಟ, ಕೆಳಗೆ ಹೆಸರು: ಇಲ್ಹಾಮಿ.
ದಿನಕ್ಕೊಂದು ಹಾಜರಿ,
ಎಪ್ಪತ್ತಮೂರು ದಿನ.

ಉಪಾಯ ನನ್ನದಲ್ಲ, ಅಕ್ಕನ ಮಗ ತಾಯ್ಲಾನನದು.
“ಹೆಚ್ಚು ಸಲ ಬಂದವರಿಗೆ ಭಾನುವಾರ ಒಂದು ತಟ್ಟೆ ಪುಕ್ಕಟೆ,
ಇಡೀ ಎಸ್ಕಿಶೆಹಿರ್ ಬಾಗಿಲಿಗೆ ಬರುತ್ತೆ ಚಿಕ್ಕಮ್ಮ.”
ಬಂದದ್ದು ಬೆದ್ರಿ ಮಾಸ್ತರರು.
ಮೊದಲೂ ಬರುತ್ತಿದ್ದವರೇ.

ಮೊನ್ನೆ ಊರುಗೋಲನ್ನು ಗಲ್ಲಾದ ಮೇಲಿಟ್ಟು
ಕೇಳಿಯೇಬಿಟ್ಟರು:
“ಹಿಮ ಬಿದ್ದಾಗ ಬಂದೆ, ಮಂಡಿ ಊದಿದಾಗ ಬಂದೆ,
ನಿನ್ನ ಒಲೆ ಕೆಟ್ಟ ದಿನ ಬರೀ ಚಹಾ ಕುಡಿದು ಹೋದೆ.
ಎಪ್ಪತ್ತೊಂದು. ನಾನು ಎರಡನೆಯವನು.
ಮೊದಲನೆಯವನು ಯಾವ ಕುರ್ಚಿಯಲ್ಲಿ ಕೂರುತ್ತಾನೆ, ತೋರಿಸು.
ನಲವತ್ತು ವರ್ಷ ಹಾಜರಿ ಕೂಗಿದವನಮ್ಮ ನಾನು,
ಗೆಳೆಯನ ದನಿಯಲ್ಲಿ ‘ಇದ್ದೇನೆ’ ಅಂದವರನ್ನು
ತಲೆ ಎತ್ತದೆ ಹಿಡಿಯುತ್ತಿದ್ದೆ.”

ಕುರ್ಚಿಗಳು ಹನ್ನೊಂದು.
ಕೂರುವ ಬೆನ್ನುಗಳೆಲ್ಲ ನನಗೆ ಗೊತ್ತು.
ಕಂಪನಿಗೆ ಬರೆದೆ. ಉತ್ತರ ಬಂತು, ಬಹಳ ವಿನಯದಿಂದ:
ನಮ್ಮ ಲೆಕ್ಕದಲ್ಲಿ ಅವರು ನಿಮ್ಮ ಅಂಗಡಿಯಲ್ಲೇ ಇದ್ದರು.
ಇರಬಹುದು. ಆಕಾಶದಿಂದ ನೋಡುವ ಕಣ್ಣಿಗೆ
ಹೊಸ್ತಿಲು ಕಾಣುವುದಿಲ್ಲ.

ಕಪ್ಪು ಹಲಗೆ ತಂದೆ. ಗಲ್ಲಾದ ಹಿಂದೆ ತೂಗುಹಾಕಿದೆ.
ದಿನಕ್ಕೊಂದು ಮಾತು. ಅದನ್ನು ಬರೆಯದಿದ್ದರೆ ಹಾಜರಿ ಇಲ್ಲ.
ಸೋಮವಾರ: ಬದನೆ.
ಇಲ್ಹಾಮಿ ಬರೆದ: ಬದನೆ.
ಮಂಗಳವಾರ, ಅಕ್ಷರ ಸಣ್ಣದು ಮಾಡಿ: ಎಳ್ಳು.
ಇಲ್ಹಾಮಿ ಬರೆದ: ಎಳ್ಳು. ಸ್ವಲ್ಪ ದಪ್ಪಗೆ ಬರೆಯಿರಿ.
ನಾನು ಚಾಪೆ ಕೆಳಗೆ ತೂರಿದರೆ
ಇವನು ರಂಗೋಲಿ ಕೆಳಗೆ.

ಹೊತ್ತು ಮಾತ್ರ ಒಂದೇ. ಏಳು ನಲವತ್ತೆರಡು.
ಬುಧವಾರ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತೆ.

ಕೆಂಪು ದೀಪ. ಎದುರಿಗೆ ಟ್ರಾಮ್ ಬಂದು ನಿಂತಿತು.
ಚಾಲಕನ ಗೂಡಿನಲ್ಲಿ ಒಬ್ಬ,
ಬೋಳುತಲೆ, ಕಂಪನಿಯ ನೀಲಿ ಕೋಟು,
ಕುತ್ತಿಗೆ ಉದ್ದ ಮಾಡಿ
ನನ್ನ ಹೆಗಲಾಚೆ ಓದುತ್ತಿದ್ದ.
ತುಟಿ ಅಲುಗಿತು. ಬೆಣ್ಣೆ, ಅವತ್ತಿನ ಮಾತು.
ಆಮೇಲೆ ನನ್ನನ್ನು ನೋಡಿದ, ಲಟ್ಟಣಿಗೆಯನ್ನು ನೋಡಿದ.
ಹಸಿರು ಬಂತು.
ಗಂಟೆ ಬಾರಿಸಿ ಹೋದ; ನಿಲ್ಲುವ ಹಕ್ಕು ಅವನಿಗೆಲ್ಲಿ,
ನಿಲ್ದಾಣ ಇನ್ನೂರು ಗಜ ಮುಂದೆ.

ಹಲಗೆ ಈಗ ಒಳಮುಖ.
ಬೆದ್ರಿ ಮಾಸ್ತರರು ಮೇಯರ್ ಆದರು,
ಪುಕ್ಕಟೆ ತಟ್ಟೆ ಮುಗಿಸಿ
ಉಪ್ಪು ಕಡಿಮೆ ಅಂದರು.

ನ್ಯಾಯ ಆಯಿತು, ಒಪ್ಪುತ್ತೇನೆ.
ಆದರೆ ಒಳಗೆ ಕೂತು ತಿನ್ನುವವರು,
ಹಲಗೆಯಿಂದ ಮೂರೇ ಮೊಳ ದೂರ,
ಬಾಯಲ್ಲಿ ತುಂಬಿಕೊಂಡು ಕೇಳುತ್ತಾರೆ:
ಇವತ್ತಿನ ಮಾತು ಏನು, ಫೆರಾಯೆ ಹಾನಿಮ್?
ಎಲ್ಲಿ ಬರೆದಿದ್ದೀರಿ?

ಏಳು ನಲವತ್ತಕ್ಕೆ ಗಾಜು ಒರೆಸುತ್ತೇನೆ.
ಕೈಗೆ ಹಿಟ್ಟು ಮೆತ್ತಿದ್ದರೂ.