ತಿನ್ನಬಾರದ ಪೊಟ್ಟಣ

ಭಾನುವಾರ ಬೆಳಿಗ್ಗೆ ಮಹಾರಾಜ ಪಾರ್ಕಿನ ಕಲ್ಲುಬೆಂಚಿಗೆ
ನಾನು ಬರಿಗೈಯಲ್ಲಿ ಹೋಗುವುದಿಲ್ಲ.
ವಾರವಿಡೀ ಮಾತ್ರೆ ಡಬ್ಬಿಗಳಿಂದ ಹೆಕ್ಕಿಟ್ಟ ಸಿಲಿಕಾ ಪೊಟ್ಟಣ
ಒಂದು ಹಿಡಿ, ಅಂಗಿಜೇಬಿನಲ್ಲಿ.
ತಿನ್ನಬಾರದು ಎಂದು ಮೇಲೆ ಬರೆದಿರುತ್ತದೆ.
ಆದರೂ ಪ್ರಸಾದದ ಹಾಗೆ ಬಲಗೈ ಚಾಚುತ್ತಾರೆ,
ಎಲ್ಲರಿಗೂ ಎರಡೆರಡು.

ಸಕಲೇಶಪುರದಿಂದ ಮೊದಲ ಬಸ್ಸಿಗೆ ಬರುವ
ಫಿಲೋಮಿನಾ ಟೀಚರಿಗೆ ಮಾತ್ರ ನಾಲ್ಕು, ಅದೂ ನೀಲಿಮಣಿಯವು.
ಅಲ್ಲಿಯ ಗಾಳಿಗೆ ಲೆನ್ಸಿನೊಳಗೇ ಬೂಷ್ಟು ಬೇರು ಬಿಡುತ್ತದೆ,
ಜೇಡ ಮನಸ್ಸಿಲ್ಲದೆ ನೇಯ್ದ ಹಾಗೆ, ಸಣ್ಣಗೆ.
ಅಕ್ಕಿ ಡಬ್ಬದಲ್ಲಿಡಿ ಎಂದಿದ್ದರು ಯಾರೋ.
ಇಟ್ಟರು. ಝೂಮ್ ತಿರುಗಿಸಿದರೆ ಕರಕರ, ತೌಡು.
ಆ ಸಲಹೆ ತನ್ನದೆಂದು ಇವತ್ತಿಗೂ ಯಾರೂ ಒಪ್ಪಿಲ್ಲ.

ಪರದೆ ಮೂರೇ ಇಂಚು, ಬಿಸಿಲಿಗೆ ಏನೂ ಕಾಣದು.
ಅದಕ್ಕೆ ತಲೆಗಳೇ ಚಪ್ಪರ:
ಲೈನ್‌ಮನ್ ಧರಣೇಂದ್ರಯ್ಯನ ಬೋಳು,
ನಯಾಜ್ ತೆಗೆಯಲು ಮರೆತ ಹೆಲ್ಮೆಟ್ಟು,
ಟೀಚರ ಕನಕಾಂಬರ, ನನ್ನ ಕನ್ನಡಕ.
ನಡುವೆ ಅಂಗೈಯಗಲ ಕತ್ತಲೆ.
ಅದರಲ್ಲಿ ಯಗಚಿ ದಂಡೆಯ ಮಿಂಚುಳ್ಳಿ
ಮೀನು ಕಚ್ಚಿಕೊಂಡು ನಮ್ಮನ್ನೇ ನೋಡುತ್ತದೆ.

"ಐಎಸ್‌ಒ ಏರಿಸ್ಬೇಡಿ ಅಣ್ಣಾ,
ಫೋಟೋಗೆ ಬೆವರುಸಾಲೆ ಏಳ್ತದೆ."
"ಚಳಿಗೆ ಬ್ಯಾಟರಿ ಸೋಲುತ್ತೆ,
ಥರ್ಮಾಮೀಟರ್ ಇಟ್ಕೊಂಡಂಗೆ ಕಂಕುಳಲ್ಲಿ ಇಟ್ಕೊ."
"ಒತ್ತೋ ಮುಂಚೆ ನಾಲ್ಕೂ ಮೂಲೆ ನೋಡು,
ಮಲಗೋ ಮುಂಚೆ ಚಿಲಕ ನೋಡಲ್ವಾ?"
ಎಂದ ಧರಣೇಂದ್ರಯ್ಯನ ಮಿಂಚುಳ್ಳಿಯ ಕೆಳಗೆ
ಎಡಮೂಲೆಯಲ್ಲಿ ಗುಟ್ಕಾ ಚೀಟಿ.
ನಾವು ಮೂವರೂ ನೋಡಿದೆವು. ಹೇಳಲಿಲ್ಲ.

ನನ್ನದು ಕೈ ಬದಲಾದ ಕ್ಯಾಮೆರಾ,
ಸಾಲಗಾಮೆ ರಸ್ತೆಯ ಸ್ಟುಡಿಯೋದ ಜವರಾಚಾರಿಯಿಂದ,
ಹನ್ನೊಂದು ಸಾವಿರಕ್ಕೆ.
ನಯಾಜ್ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ನಾಡಿ ನೋಡಿದ:
"ಶಟರ್ ಎಂಬತ್ಮೂರು ಸಾವಿರದ ನಾನೂರ ಹನ್ನೆರಡು ಸಲ ಬಡಿದಿದೆ.
ಆಯಸ್ಸು ಒಂದು ಲಕ್ಷ ಅಂತಾರೆ."
ಅವಧಿ ತಾರೀಕು ನೋಡದೆ ಒಂದು ಶೀಶೆಯನ್ನೂ
ಕಪಾಟಿಗೇರಿಸದ ನಾನು, ಇದರಲ್ಲಿ ಮೋಸಹೋದೆ.

ಕೇಳಲು ಹೋದರೆ ಆಚಾರಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ.
"ಏನಿತ್ತಯ್ಯಾ ಅಷ್ಟೊಂದು?"
"ಮದುವೆ, ನಾಮಕರಣ, ರೇಷನ್ ಕಾರ್ಡು.
ಕುರ್ಚಿಗೆ ಕೂರಿಸಿ ತೆಗೆದ ಹೆಣ ಆರೇಳು.
ಮಿಕ್ಕಿದ್ದರಲ್ಲಿ ಅರ್ಧ ಕಣ್ಣು ಮುಚ್ಚಿದವು."
"ಅವನ್ನೆಲ್ಲ ಅಳಿಸಿದೆಯಲ್ಲ?"
"ಅಳಿಸಿದ್ದೂ ಲೆಕ್ಕಕ್ಕೆ ಬರ್ತದೆ ಸ್ವಾಮಿ."

ಅಲ್ಲಿಂದ ಮೂರು ವಾರ ನಾನು ಒತ್ತಲಿಲ್ಲ.
ಉಳಿದದ್ದು ಹದಿನಾರು ಸಾವಿರದ ಐನೂರ ಎಂಬತ್ತೆಂಟು,
ಕಟ್ಟಿನಕೆರೆ ಮಾರುಕಟ್ಟೆಯ ನಿಂಬೆಹಣ್ಣಿನ ರಾಶಿಗೂ
ಒಂದು ಬಿಚ್ಚಲು ಕೈ ಬರಲಿಲ್ಲ.

ಆಮೇಲೆ ಒಂದು ಸಂಜೆ, ಅಂಗಡಿ ಮುಚ್ಚುವ ಹೊತ್ತು,
ಒಬ್ಬ ಅಜ್ಜ ಡಾಕ್ಟರ ಚೀಟಿಯನ್ನು ತಲೆಕೆಳಗಾಗಿ
ಟ್ಯೂಬ್‌ಲೈಟಿಗೆ ಹಿಡಿದು ಓದುತ್ತ ನಿಂತಿದ್ದ.
ಮೂಲೆ ನೋಡಲಿಲ್ಲ. ಬೆಳಕು ಅಳೆಯಲಿಲ್ಲ.
ಚಪಕ್.

ಬೆಂಚಿನ ಮೇಲೆ ತಲೆಗಳು ಕೂಡಿದವು.
"ಕೈ ನಡುಗಿದೆ" ಎಂದ ನಯಾಜ್.
"ಯಾರದು?" ಎಂದರು ಟೀಚರ್,
"ಅವರದಾ, ನಿಮ್ಮದಾ?"
ದೊಡ್ಡದು ಮಾಡಿದೆವು, ಇನ್ನೂ ದೊಡ್ಡದು,
ಚೀಟಿ ಬಿಳಿ ಚೌಕಗಳಾಗಿ ಒಡೆಯುವವರೆಗೂ.
ತಿಳಿಯಲಿಲ್ಲ.
ಧರಣೇಂದ್ರಯ್ಯ ನಾಲ್ಕೂ ಮೂಲೆ ನೋಡಿ
ಟೀ ಹೇಳಲು ಎದ್ದುಹೋದ.

ಬಸ್ಸಿಗೆ ಹೊರಡುವಾಗ ಟೀಚರ್
ಹೋದ ತಿಂಗಳ ಪೊಟ್ಟಣಗಳನ್ನು ಹಿಂದಿರುಗಿಸಿದರು.
ಊರಿನ ತೇವವನ್ನೆಲ್ಲ ಕುಡಿದು ನೀಲಿಮಣಿ ಗುಲಾಬಿಯಾಗಿತ್ತು.
ಬಾಣಲೆಯಲ್ಲಿ ಹುರಿದರೆ ಮತ್ತೆ ನೀಲಿಗೆ ತಿರುಗುತ್ತವೆ;
ಈ ಬೆಂಚಿನಲ್ಲಿ ನನ್ನದೇ ಎನ್ನಬಹುದಾದ ಸಲಹೆ ಇದೊಂದೇ.

ರಾತ್ರಿ ಸಣ್ಣ ಉರಿಯಲ್ಲಿ ಹುರಿದೆ.
ಅಂಚಿನಿಂದ ಬಣ್ಣ ಹೊರಳತೊಡಗಿದ ಗಳಿಗೆಗೆ
ಇನ್ನೊಂದು ಖರ್ಚು ಮಾಡಿದೆ.
ಎಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.