ಎರಡು ದಾರ

ಮೊದಲ ಕಂಬ, ಯಮನೂರಾ. ಡಿಶ್ ಆಮ್ಯಾಲ.
ತೂಕದ ಗುಂಡು ಇಳಿಬಿಟ್ಟು ಎರಡೂ ಮಗ್ಗಲದಿಂದ ನೋಡು.
ಕಣ್ಣಿಗೆ ನೆಟ್ಟಗ ಕಂಡದ್ದು ನೆಟ್ಟಗಿರೂದಿಲ್ಲ.
ಈ ಮಾಂಗೋರ ಗುಡ್ಡದಾಗ ಅಂತೂ
ಮನಿಗೋಳು ಒಂದರ ಹೆಗಲಿಗೆ ಒಂದು ಕೈ ಹಾಕಿ
ವಾಸ್ಕೋ ಬಂದರದ ಕಡೆ ವಾಲಿ ನಿಂತಾವು.
ಕಂಬ ಅವರ ಮಾತು ಕೇಳಬಾರದು.

ಇದು ಎಲ್ಲಾರ ಮನಿಯ ಎರಡಡಿ ತಾಟಲ್ಲ.
ಆರಡಿ ಜಾಲರಿ. ಮಳಿಗಾಲದ ಗಾಳಿಗೆ
ಹಾಯಿ ಆಗತೈತಿ, ಮನಿನ ಹಡಗ ಅಂತ ತಿಳೀತೈತಿ.
ನಾಕು ಬೋಲ್ಟು, ಒಂದೊಂದಕ್ಕ ಎರಡೆರಡು ನಟ್ಟು.
ಪೂರಾ ಬಿಗಿಯೂದು ಕಟ್ಟಕಡೀಗೆ.

ಎರ್ಮೆಲಿಂದಬಾಯಿ ಮೆಟ್ಟಲದಾಗ ನಿಂತು ಕೇಳತಾಳ:
ಜಾಲೆಂ?
ಇನ್ನೂ ಇಲ್ಲ ಬಾಯಿ.
ಆಕಿ ಗಂಡ ಹಡಗಿನಾಗ ಅಡಗಿ ಮಾಡಾಂವ,
ಯಾವುದೋ ಬೋನಸ್ಸಿನಾಗ ತಂದದ್ದು ಇದು.
ಅಂವ ಹೋದಮ್ಯಾಲ ಹನ್ನೆರಡು ವರ್ಷ
ಬೋರಲ ಬಿದ್ದು ಕೋಳಿಗೂಡಿನ ಮಾಡಾಗಿತ್ತು.

ಅದಕ್ಕ ಈ ದಾರ.
ಅಂಚಿನಿಂದ ಅಂಚಿಗೆ ಒಂದು, ಅದಕ್ಕ ಅಡ್ಡ ಇನ್ನೊಂದು.
ನಡುವ ಒಂದಕ್ಕೊಂದು ಸೋಕಬೇಕು, ಒತ್ತಬಾರದು.
ನೋಡು, ಬೆರಳು ಹೋಗೂವಷ್ಟು ಸಂದಿ.
ಎಡಗಡೆ ಅಂಚು ಎದ್ದೈತಿ,
ಹುಂಜ ನಿಂತು ಕೂಗತಿದ್ದ ಜಾಗ ಇರಬೇಕು.
ಮೊಣಕಾಲು ಕೊಟ್ಟು ಮೆಲ್ಲಕ ಒತ್ತು.
ರೊಟ್ಟಿ ಬಡದಂಗಲ್ಲೋ ಮಾರಾಯಾ,
ಕೂಸಿನ ಬೆನ್ನು ತಟ್ಟಿದಂಗ.

ದಿಕ್ಸೂಚಿ ಕಿಸೆದಾಗ ಇಟಗೋ.
ಮಾಳಿಗಿ ತುಂಬ ಕಬ್ಬಿಣದ ಸಳಿ, ಮಗ್ಗಲಕ್ಕ ಟಾಕಿ,
ಪಾಪ, ಮುಳ್ಳು ಯಾರನ್ನ ನಂಬಬೇಕು?
ನಿನ್ನಿ ನಡುಮಧ್ಯಾಹ್ನ ಕಸಬರಿಗಿ ಕೋಲಿನ ನೆರಳು
ಎಲ್ಲಾಕಿಂತ ಗಿಡ್ಡಾದ ಹೊತ್ತಿಗೆ
ಇದ್ದಲಿಲೆ ಒಂದು ಗೆರಿ ಎಳದೇನಿ.
ಅದು ಬಡಗ-ತೆಂಕ. ಅಲ್ಲಿಂದ ಮೂಡಲಕ್ಕ ತಿರುಗು,
ಕೈ ಚಾಚಿ ಒಂದು ಗೇಣು ತೆಂಕಕ್ಕ ಸರಿ.
ನೆಲಕ್ಕೂ ನೆತ್ತಿಗೂ ನಟ್ಟನಡುವ.
ಅಲ್ಲಿ ಏನೂ ಕಾಣೂದಿಲ್ಲ.
ಇರತೈತಿ.

ತೆಂಗಿನ ಗರಿ ಅಡ್ಡ ಬರತಿತ್ತು, ಬಾಯಿ ಕಡೀರಿ ಅಂದ್ಲು.
ಕಂಬಾನ ನಾಕು ಹೆಜ್ಜಿ ಸರಿಸಿದೆ.

ಈಗ ಕೆಳಗ ಹೋಗು, ಟಿವಿ ಮುಂದ ಕುಂದರು.
ಬಂತು ಅನಬ್ಯಾಡ, ಹೋತು ಅನಬ್ಯಾಡ,
ಅಂಕಿ ಅಷ್ಟ ಒದರು.

ಸೊನ್ನಿ.
ಸೊನ್ನಿ.
ಹನ್ನೊಂದು. ಸೊನ್ನಿ, ಕಾಕಾ.

ಇಲ್ಲಿ ಕೂದಲೆಳಿ ಸರದ್ರ ಅಲ್ಲಿ ಊರ ಮ್ಯಾಲ ಊರು ದಾಟತೈತಿ.
ಒಮ್ಮೆ ಸರಿಸು, ಮೂರು ಉಸಿರು ಕಾಯಿ,
ಪೆಟ್ಟಿಗಿಗೆ ತನ್ನ ಲೆಕ್ಕ ತಾ ಮಾಡಾಕ ಬಿಡು.
ಮೂವತ್ತೆಂಟು.
ಇನ್ನ ಮೂಗು ತಿರುವತೇನಿ, ಅಷ್ಟ, ಅಷ್ಟ.
ಅರವತ್ನಾಕು.
ಎಪ್ಪತ್ತೊಂದು.
ಅರವತ್ತಾರು!
ಅಂಜಬ್ಯಾಡ. ಇಳಿಯೂತನ ಹೋಗೇ ಹೊಳ್ಳಿ ಬರಬೇಕು,
ಇಲ್ಲಂದ್ರ ತುದಿ ಎಲ್ಲಿತ್ತಂತ ತಿಳಿಯೂದಿಲ್ಲ.
ಎಪ್ಪತ್ತೊಂದು.

ಯಾಕೋ, ಸುಮ್ಮನಾದಿ?

ಕಾಕಾ, ಚಿತ್ರ ಬಂದೈತಿ.
ಬಾಯಿ ಹೇಳಿದ ಚಾನಲ್ ಅಲ್ಲಿದು.

ಇಳದು ಬಂದು ನೋಡಿದೆ. ಖರೇನ.
ಮೂರನೆತ್ತದ ತನಕ ಕಲಿತ ಪೋರ್ತುಗೀಸು
ಮತ್ತೊಮ್ಮೆ ಕಿವಿಗೆ ಬೀಳಲಿ ಅಂತಿದ್ಲು ಆಕಿ.
ಆ ಚಾನಲ್ ಯಾವಾಗೋ ಮನಿ ಖಾಲಿ ಮಾಡೇತಿ.
ಅದರ ಜಾಗಾದಾಗ ಯಾವುದೋ ಹೊಳಿ ದಂಡಿ,
ಯಾವುದೋ ಭಾಷಾ,
ತಲಿಗೆ ಹಳದಿ ವಸ್ತ್ರ ಸುತ್ತಿದ ಒಬ್ಬಾಕಿ
ಮೀನ ಹೆರಕೊಂತ ಮಾತಾಡಾಕ್ಹತ್ತಾಳ.

ಬ್ಯಾರೆ ಹುಡುಕಲೇನ್ರಿ ಅಂದೆ.
ಬಾಯಿ ಕುರ್ಚಿ ಎಳಕೊಂಡ್ಲು.
ಹಂಗ ಹೆರೀಬಾರದು ಅಂದ್ಲು ಪರದೆಗೆ,
ಬಾಲದಿಂದ ತಲಿ ಕಡೆ, ಮೊದಲ ಕಿವಿರು ತಗದು.
ಹೊಳಿ ದಂಡ್ಯಾಕಿ ಕೇಳಲಿಲ್ಲ.
ಬಾಯಿ ಕೊಂಕಣಿಯಾಗ ಬೈದ್ಲು.

ಬಿಲ್ಲಿನಾಗ ಎಪ್ಪತ್ತೊಂದು ಅಂತ ಬರಿ, ಯಮನೂರಾ.
ಭಾಷಾಕ್ಕ ಅದರಾಗ ಜಾಗ ಇಲ್ಲ.
ವೈರು ಕಿಟಕಿ ಹೊಗೂಕಿಂತ ಮೊದಲ ಒಂದು ಜೋಲಿ ಬಿಡು,
ಮಳಿಹನಿ ಅಲ್ಲೇ ಉದುರಿ ಹೋಗಲಿ.
ಮತ್ತ ಮ್ಯಾಲ ಹೋಗಿ ಆ ಎರಡು ದಾರ ಬಿಚ್ಚಿ ಸುತಗೊಂಡು ಬಾ.
ಬಾಯ್ನಾದಾಗ ಇನ್ನೊಂದು ಮನಿ ಐತಿ.