ಕಿಂಡಿ

ಮತ್ರಾ ಬಂದರಿನ ಹಿಂದೆ, ಬೆಳ್ಳಿ ಅಂಗಡಿ ದಾಟಿ
ಎರಡನೇ ಸಂದು. ಟೈಪಿಂಗ್ ಸೆಂಟರು.
ಬಾಗಿಲಲ್ಲೇ ಎಸಿ ನೀರು ತೊಟ್ಟಿಕ್ಕುವ ಪೇಂಟಿನ ಡಬ್ಬಿ.
ನಾನು ರಿಪೇರಿಯವನು. ತಿಂಗಳಿಗೊಮ್ಮೆ ಬಂದು
ಧೂಳು ಊದಿ ಹೋಗುತ್ತೇನೆ.

ಈ ಸಲ ಹೇಳಿದೆ: ಸೆವ್ರಿನ್‌ಬಾಯಿ, ನಿಮ್ಮ ಬ್ರೌಸರು ತೂತು.
ನೀವು ಕಾಪಿ ಮಾಡಿಟ್ಟದ್ದನ್ನು
ತೆರೆದ ಯಾವ ಪುಟವಾದರೂ ಓದಿಕೊಳ್ಳಬಹುದು,
ಕೇಳದೆ, ಕದ ತಟ್ಟದೆ.
ನೀವಿಲ್ಲಿ ಅಂಟಿಸುವ ಮೊದಲೇ
ಅದು ಯಾರದೋ ಮಡಿಲಿಗೆ ಬಿದ್ದಿರುತ್ತದೆ.

ಕನ್ನಡಕ ಹಣೆಗೇರಿಸಿದರು. "ಎಷ್ಟು ದಿನದಿಂದ?"
ಹುಟ್ಟಿದಾಗಿನಿಂದ, ಅಂದೆ.

ಹೊಸದು ಹಾಕುವ ಹಾಗಿಲ್ಲ. ಬಂದರು ಕಂಪನಿಯ ಅರ್ಜಿ
ಹಳೆಯದರಲ್ಲಷ್ಟೇ ತೆರೆಯುತ್ತದೆ;
ಹೊಸದರಲ್ಲಿ ಬರೀ ಬಿಳಿ, ಜುಲೈ ಮಧ್ಯಾಹ್ನದ ಹಾಗೆ.
ಮಾಲೀಕ ಸುಲೇಮಾನ್ ಬಲೂಶಿ ಖರ್ಜೂರದ ತಟ್ಟೆ ಸರಿಸಿ
ಖಲ್ಲಿವಲ್ಲಿ ಅಂದ.
ಹೊರಗೆ ಗುಡ್ಡದ ಮೇಲಿನ ಕಾವಲು ಗೋಪುರಗಳು
ಇನ್ನೂ ಕಡಲನ್ನೇ ದಿಟ್ಟಿಸುತ್ತಿದ್ದವು,
ಬರುವವನು ಹಡಗಿನಲ್ಲೇ ಬರುತ್ತಾನೆಂದು.

ನಾನು ದುರ್ಗದವನು. ನಮ್ಮ ಕೋಟೆಯಲ್ಲೂ ಒಂದು ಕಿಂಡಿ.
ಶಾಲೆಯವರು ಕರೆದೊಯ್ದಾಗ
ಹೊಟ್ಟೆ ಒಳಗೆಳೆದು ತೂರಿದ್ದೇನೆ, ಮೊಣಕೈ ತರಚಿಕೊಂಡಿದ್ದೇನೆ.
ಅಲ್ಲಿ ಬಂದವರಿಗೆ ತಲೆಯಿತ್ತು, ಒಬ್ಬೊಬ್ಬರಾಗಿ ಬಂದರು,
ಒನಕೆಗೆ ಲೆಕ್ಕ ಸಿಕ್ಕಿತು.
ಇಲ್ಲಿ ಬರುವವನಿಗೆ ತಲೆಯಿಲ್ಲ,
ನೀರಿಗೆ ಹೋದವಳ ಕಿವಿಗೆ ಬೀಳುವಂಥ
ಪಿಸುಮಾತೂ ಇಲ್ಲ.

"ಹಾಗಾದರೆ ನನ್ನಿಂದ ಏನು ಹೋಗಿರಬಹುದು?"
ಅಂಟಿಸಿ ನೋಡಿ, ಕಡೆಗೆ ಹಿಡಿದದ್ದು ಬರುತ್ತದೆ.

ಖಾಲಿ ಹಾಳೆ. ಎರಡು ಗುಂಡಿ ಒತ್ತಿದರು.
*ತಮ್ಮನ ಮದುವೆ ನಿಶ್ಚಯವಾಗಿದೆ,
ದಯವಿಟ್ಟು ಇಪ್ಪತ್ತು ದಿನ ರಜೆ ಮಂಜೂರು ಮಾಡಬೇಕು.*

ಬೆಳಿಗ್ಗೆಯಿಂದ ಹನ್ನೊಂದು ಜನಕ್ಕೆ ಇದೇ ಸಾಲು.
ಕ್ರೇನಿನವನಿಗೆ, ಐಸ್ ಫ್ಯಾಕ್ಟರಿಯ ಇಬ್ಬರಿಗೆ,
ಅಕ್ಕಂದಿರಷ್ಟೇ ಇರುವ ಒಬ್ಬ ವೆಲ್ಡರಿಗೆ.
"ಕಾಯಿಲೆ ಅಂದರೆ ಸರ್ಟಿಫಿಕೇಟು ಕೇಳ್ತಾರೆ ಮಾರಾಯಾ,
ಮದುವೆಗೆ ಯಾರೂ ಕೇಳೋದಿಲ್ಲ."

ನಕ್ಕೆವು. ಎಲ್ಲೋ ಯಾವನೋ ಕಳ್ಳ
ಬಲೆ ಎತ್ತಿ ನೋಡುತ್ತಾನೆ: ಮದುವೆ, ಮದುವೆ, ಮದುವೆ.
ದಿಬ್ಬಣವೇ ಸಿಕ್ಕಿಬಿದ್ದಿದೆ, ಮದುಮಗ ಒಬ್ಬನೂ ಇಲ್ಲ.

ನಗು ಮುಗಿಯುವ ಮೊದಲೇ ಅವರು ನಿಲ್ಲಿಸಿದರು.
"ಮಂಗಳವಾರ," ಅಂದರು,
"ಮಂಗಳವಾರ ನಂದೇ ಒಂದು..."
ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ,
ಕೀಬೋರ್ಡು ಬೋರಲು ಹಾಕಿ ತಟ್ಟಿದೆ:
ಬಿಸ್ಕತ್ತಿನ ಪುಡಿ, ಒಂದು ಬಿಳಿ ಕೂದಲು.

ಸೆಟ್ಟಿಂಗಿನಲ್ಲಿ ಸಿಕ್ಕಿದ್ದನ್ನೆಲ್ಲ ಆರಿಸಿ ಬಂದೆ.

ಮುಂದಿನ ತಿಂಗಳು ಹೋದಾಗ ನೋಡಿದೆ.
ಪ್ರತಿ ಕಾಗದ ಮುಗಿಸಿ, ಗಿರಾಕಿ ಏಳುವ ಮುಂಚೆ,
ಕೊನೆಯ ಪೂರ್ಣವಿರಾಮವೊಂದನ್ನೇ ಬಣ್ಣ ಬಳಿದು ಹಿಡಿದು
ಕಾಪಿ ಮಾಡುತ್ತಾರೆ.
"ಬಂದವ ತಗೊಂಡು ಹೋಗಲಿ," ಅನ್ನುತ್ತಾರೆ,
ಒಂದು ಚುಕ್ಕಿ.